ಒಡಿಬಿಸಿ ಕನೆಕ್ಟ್ ಆಗದಿದ್ದರೆ ಪಾಸ್‌ವರ್ಡ್ ಕೊನೆಗೆ ನೋಡಿ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಅಡಿಕೆ ಅಂಗಡಿಯೊಂದರ ಹಳೇ ಬಿಲ್ಲಿಂಗ್ ಸಾಫ್ಟ್‌ವೇರನ್ನು ಹೊಸ ಕಂಪ್ಯೂಟರಿಗೆ ಹಾಕಿದಿರಿ ಅಂತಿಟ್ಟುಕೊಳ್ಳಿ. ಅದು ಡೇಟಾಬೇಸ್ ಜೊತೆ ಮಾತಾಡುವುದು ಒಡಿಬಿಸಿ ಎಂಬ ಸೇತುವೆಯ ಮೂಲಕ. ಡೇಟಾಬೇಸ್ ಆದ ಮೈಎಸ್‌ಕ್ಯೂಎಲ್‌ನ ಡ್ರೈವರ್ ಇದೆ, ಡಿಎಸ್‌ಎನ್ (ಯಾವ ಡೇಟಾಬೇಸಿಗೆ ಹೇಗೆ ಕನೆಕ್ಟ್ ಆಗಬೇಕೆಂದು ಹೆಸರಿಟ್ಟು ಉಳಿಸಿದ ಸೆಟ್ಟಿಂಗ್) ಇದೆ, ಟೆಸ್ಟ್ ಒತ್ತಿದರೆ ಸರಿ ಅನ್ನುತ್ತದೆ. ಸಾಫ್ಟ್‌ವೇರ್ ತೆರೆದರೆ ಮಾತ್ರ ಎರರ್. ಟೆಸ್ಟ್ ಪಾಸಾದ ಮೇಲೂ ಪಾಸ್‌ವರ್ಡ್ ತಿದ್ದುತ್ತಾ ಕೂತರೆ ಅರ್ಧ ದಿನ ಹೋಯಿತು.

64 ಬಿಟ್ ವಿಂಡೋಸ್‌ನಲ್ಲಿ ಒಡಿಬಿಸಿ ಅಡ್ಮಿನಿಸ್ಟ್ರೇಟರ್ (ಡಿಎಸ್‌ಎನ್ ಮಾಡುವ ಕಿಟಕಿ) ಎರಡಿವೆ. ಸಿಸ್ಟಂ32 ಫೋಲ್ಡರಿನದ್ದು 64 ಬಿಟ್, ಸಿಸ್‌ವಾವ್64 ಫೋಲ್ಡರಿನದ್ದು 32 ಬಿಟ್. ಹೆಸರಿಟ್ಟವರಿಗೆ ದೊಡ್ಡ ನಮಸ್ಕಾರ! ಹಳೇ ಸಾಫ್ಟ್‌ವೇರ್ ಹೆಚ್ಚಾಗಿ 32 ಬಿಟ್. ಅದಕ್ಕೆ 64 ಬಿಟ್ ಡ್ರೈವರ್ ಲೋಡ್ ಆಗುವುದೇ ಇಲ್ಲ. ಎರರ್ ಐಎಂ014 ಬಂದರೆ ಡಿಎಸ್‌ಎನ್ ಕಂಡಿದೆ, ಬಿಟ್ ಹೊಂದಿಲ್ಲ. ಯೂಸರ್ ಡಿಎಸ್‌ಎನ್ (ಒಬ್ಬ ಬಳಕೆದಾರನಿಗೆ ಮಾತ್ರ ಇರುವುದು) ಎರಡೂ ಕಡೆ ಕಾಣುವುದರಿಂದ ಹೀಗಾಗುತ್ತದೆ. ಸಿಸ್ಟಂ ಡಿಎಸ್‌ಎನ್ (ಆ ಕಂಪ್ಯೂಟರಿನ ಎಲ್ಲರಿಗೂ ಇರುವುದು) ಪಟ್ಟಿ ಬೇರೆ ಬೇರೆ, ಆದ್ದರಿಂದ ಅಲ್ಲಿ ಬರುವುದು ಐಎಂ002: ಹೆಸರೇ ಸಿಗಲಿಲ್ಲ ಎಂದು. 32 ಬಿಟ್ ಡ್ರೈವರ್ ಹಾಕಿ, 32 ಬಿಟ್ ಅಡ್ಮಿನಿಸ್ಟ್ರೇಟರ್ ತೆರೆದು, ಸಿಸ್ಟಂ ಡಿಎಸ್‌ಎನ್‌ನಲ್ಲೇ ಅದೇ ಹೆಸರು ಕೊಡಿ. 64 ಬಿಟ್ ಡ್ರೈವರನ್ನು ತೆಗೆಯಬೇಕಿಲ್ಲ, ಎರಡೂ ಒಟ್ಟಿಗೆ ಇರಬಹುದು.

ಸರ್ವರ್ ಬೇರೆ ಕಂಪ್ಯೂಟರಿನಲ್ಲಿದ್ದರೆ ಎರರ್ 2003ರ (ಸರ್ವರಿಗೆ ಕನೆಕ್ಟ್ ಆಗಲಿಲ್ಲ ಎಂಬುದು) ಪಕ್ಕದ ಬ್ರಾಕೆಟ್ ಓದಿ. 10061 ಎಂದರೆ ಆ ಯಂತ್ರ ಸಿಕ್ಕಿದೆ, ಮೈಎಸ್‌ಕ್ಯೂಎಲ್‌ನ 3306 ಪೋರ್ಟಿನಲ್ಲಿ ಯಾರೂ ಇಲ್ಲ, ಹೆಚ್ಚಾಗಿ ಸರ್ವಿಸ್ ಶುರುವಾಗಿಲ್ಲ. 10060 ಎಂದರೆ ಉತ್ತರವೇ ಇಲ್ಲ: ಫೈರ್‌ವಾಲ್, ಇಲ್ಲವೇ ಐಪಿ ಬದಲಾಗಿದೆ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದ ಮೇಲೆ ರೌಟರ್ ಸರ್ವರಿಗೆ ಬೇರೆ ಐಪಿ ಕೊಟ್ಟಿರಬಹುದು. ರೌಟರಿನಲ್ಲೇ ಅದಕ್ಕೊಂದು ಐಪಿ ಕಾಯ್ದಿರಿಸಿ. ರೌಟರ್ ಹೊಸದಾದರೆ ವಿಂಡೋಸ್ ಆ ನೆಟ್‌ವರ್ಕನ್ನು ಪಬ್ಲಿಕ್ ಅಂದುಕೊಂಡು, ಪ್ರೈವೇಟ್‌ಗೆ ಮಾಡಿದ್ದ ಫೈರ್‌ವಾಲ್ ರೂಲನ್ನು ಬಿಟ್ಟಿರಬಹುದು.

ಕನೆಕ್ಟ್ ಆಯಿತು, ಗಿರಾಕಿಗಳ ಹೆಸರು ಮಾತ್ರ ಬರೀ ಪ್ರಶ್ನೆ ಚಿಹ್ನೆ. ಮೊದಲು ಟೇಬಲನ್ನೇ ತೆರೆದು ನೋಡಿ. ಅಲ್ಲೂ ಪ್ರಶ್ನೆ ಚಿಹ್ನೆಯೇ ಇದ್ದರೆ ಹೆಸರು ಹೋಯಿತು, ಯಾವ ಸೆಟ್ಟಿಂಗೂ ತರಲಾರದು; ಬ್ಯಾಕಪ್ ಹುಡುಕಿ. ಅಲ್ಲಿ ಸರಿಯಿದ್ದರೆ ಆನ್ಸಿ (ಹಳೇ ಅಕ್ಷರ ಸಂಕೇತದ) ಡ್ರೈವರ್ ಬಿಟ್ಟು ಯೂನಿಕೋಡ್ ಡ್ರೈವರ್ ಆರಿಸಿ ನೋಡಿ. ಕನ್ನಡ, ಮಲಯಾಳ ಎರಡೂ ಬೇಕಾದಲ್ಲಿ ಟೇಬಲ್‌ನ ಅಕ್ಷರ ಸಂಕೇತ ಯುಟಿಎಫ್8ಎಂಬಿ4 (ಎಲ್ಲ ಭಾಷೆಯ ಯೂನಿಕೋಡ್ ಅಕ್ಷರ ಹಿಡಿಸುವುದು) ಇರಲಿ. ಕಾಲಮ್ ಅಳತೆಯನ್ನೂ ನೋಡಿ: ‘ಕೃಷ್ಣ’ ಕಣ್ಣಿಗೆ ಎರಡಕ್ಷರ, ಮೈಎಸ್‌ಕ್ಯೂಎಲ್ ಲೆಕ್ಕದಲ್ಲಿ ಐದು, ಡಿಸ್ಕಿನಲ್ಲಿ 15 ಬೈಟ್. 20ರ ಕಾಲಮ್‌ನಲ್ಲಿ ಮನೆ ಹೆಸರು ಸೇರಿದ ಪೂರ್ತಿ ಹೆಸರು ಹಿಡಿಸುವುದಿಲ್ಲ, 100 ಇಡಿ.