ಎಸ್ತ್ರೆಮಾದುರಾದಲ್ಲಿ ಚಳಿಗಾಲದ ಹಕ್ಕಿ ನೋಟ: ಐದು ದಿನಕ್ಕೆ ಹೊರಡುವವರಿಗೆ

ಎಸ್ತ್ರೆಮಾದುರಾದಲ್ಲಿ ಜನವರಿ ನಡುವೆ ಸೂರ್ಯ ಹುಟ್ಟುವುದು ಬೆಳಗ್ಗೆ 8.40ರ ಸುಮಾರಿಗೆ, ಮುಳುಗುವುದು ಸಂಜೆ 6.15ರ ಆಸುಪಾಸಿನಲ್ಲಿ. ಪ್ರದೇಶ ಇರುವುದು ಸ್ಪೇನಿನ ಪಶ್ಚಿಮ ಅಂಚಿನಲ್ಲಿ, ಪೋರ್ಚುಗಲ್ ಗಡಿಗೆ ತಾಗಿಕೊಂಡು. ಗಡಿಯಾರ ಮಾತ್ರ ಬರ್ಲಿನ್ನಿನ ಹೊತ್ತಿಗೆ ನಡೆಯುತ್ತದೆ. ನಮ್ಮೂರಿನ ಅಭ್ಯಾಸದಂತೆ ಐದಕ್ಕೆದ್ದು ಆರಕ್ಕೆ ಹೊರಟರೆ ಎರಡೂವರೆ ಗಂಟೆ ಕತ್ತಲಲ್ಲಿ ನಡುಗುತ್ತ ಕೂರಬೇಕಾಗುತ್ತದೆ. ಕೈಗೆ ಸಿಗುವ ಬೆಳಕು ಒಂಬತ್ತೂವರೆ ಗಂಟೆ. ಅದರೊಳಗೆ ಯಾವ ಹೊತ್ತಿಗೆ ಎಲ್ಲಿರಬೇಕು ಎಂದು ಗೊತ್ತುಮಾಡಿಕೊಳ್ಳುವುದೇ ಈ ಪ್ರವಾಸದ ಅರ್ಧ ಕೆಲಸ. ಜಾಗಗಳ ಪಟ್ಟಿ ಹಿಡಿದು ಓಡುವವರಿಗೆ ತಪ್ಪುವ ಹಕ್ಕಿ, ಹೊತ್ತು ನೋಡಿ ಹೋಗುವವರಿಗೆ ಸಿಗುತ್ತದೆ.

ಚಳಿಗಾಲವೇ ಏಕೆ? ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಸ್ಕ್ಯಾಂಡಿನೇವಿಯಾ, ಜರ್ಮನಿ, ಬಾಲ್ಟಿಕ್ ಕಡೆಯಿಂದ ಒಂದು ಲಕ್ಷಕ್ಕೂ ಹೆಚ್ಚು ಕ್ರೌಂಚಗಳು ಇಲ್ಲಿಗೆ ಬಂದು ಇಳಿಯುತ್ತವೆ. ಟಿಟ್ಟಿಭ, ಗೋಲ್ಡನ್ ಪ್ಲೋವರ್, ರೆಡ್ ಕೈಟ್ ಕೂಡ ಉತ್ತರದಿಂದ ಬರುತ್ತವೆ. ಬಿಳಿ ಕೊಕ್ಕರೆಗಳು ಜನವರಿಗಾಗಲೇ ಚರ್ಚಿನ ಗೋಪುರಗಳ ಮೇಲೆ ಗೂಡು ಹಿಡಿದಿರುತ್ತವೆ. ಜೇನುಗುಟುಕ, ನೀಲಕಂಠದ ಬಂಧುವಾದ ರೋಲರ್, ಈಜಿಪ್ಟಿನ ರಣಹದ್ದು ಬೇಕೆನ್ನುವವರು ಏಪ್ರಿಲಿಗೆ ಹೋಗಬೇಕು. ಚಳಿಗಾಲದಲ್ಲಿ ಅವು ಆಫ್ರಿಕದಲ್ಲಿರುತ್ತವೆ. ಐದೇ ದಿನ ಇರುವವರಿಗೆ ಒಳ್ಳೆಯ ಕಾಲ ಜನವರಿ 10ರಿಂದ ಫೆಬ್ರವರಿ 10. ಅದಕ್ಕಿಂತ ತಡವಾದರೆ ಕ್ರೌಂಚಗಳು ಉತ್ತರಕ್ಕೆ ಹೊರಡತೊಡಗುತ್ತವೆ. ಫೆಬ್ರವರಿ ಕೊನೆಯ ಹೊತ್ತಿಗೆ ಮೊನ್‌ಫ್ರಾಗ್ವೆ ರಾಷ್ಟ್ರೀಯ ಉದ್ಯಾನದ ವಿಯರಿಯಾಲ್ ದೆ ಸಾನ್ ಕಾರ್ಲೋಸ್ ಹಳ್ಳಿಯಲ್ಲಿ ಅಂತರರಾಷ್ಟ್ರೀಯ ಪಕ್ಷಿ ಮೇಳ ಸೇರುತ್ತದೆ. ಆ ವಾರ ಸುತ್ತಮುತ್ತ ಕೋಣೆ ಸಿಗುವುದು ಕಷ್ಟ.

ಭಾರತದ ಪಾಸ್‌ಪೋರ್ಟಿನವರಿಗೆ ಷೆಂಗೆನ್ ವೀಸಾ ಬೇಕು. ಪ್ರವಾಸಕ್ಕೆ 6 ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, 15 ದಿನ ಮುಂಚಿನ ಗಡುವು ಮೀರಬಾರದು. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೊ. ಪ್ರವಾಸ ವಿಮೆ ಕನಿಷ್ಠ 30,000 ಯೂರೊ ಚಿಕಿತ್ಸಾ ವೆಚ್ಚ ಭರಿಸುವಂಥದ್ದಾಗಿರಬೇಕು. ಕಾರು ಓಡಿಸುವವರು ಹೊರಡುವ ಮುಂಚೆ ಆರ್‌ಟಿಒದಿಂದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿ, ಮೂಲ ಲೈಸೆನ್ಸನ್ನೂ ಜೊತೆಗೆ ಇಟ್ಟುಕೊಳ್ಳಬೇಕು. ಬಾಡಿಗೆ ಕಾರಿನವರು ಸಾಮಾನ್ಯವಾಗಿ ಚಾಲಕರ ಹೆಸರಿನಲ್ಲೇ ಇರುವ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ. ಗಂಡನ ಕಾರ್ಡು, ಹೆಂಡತಿಯ ಲೈಸೆನ್ಸು ಎಂದರೆ ಕೌಂಟರಿನಲ್ಲೇ ಕೆಲಸ ಕೆಡಬಹುದು.

ಕಾರಿಲ್ಲದೆ ಹೋಗಬಹುದೇ ಎಂದು ಹಲವರು ಕೇಳುತ್ತಾರೆ. ಮ್ಯಾಡ್ರಿಡಿನಿಂದ ತ್ರುಹಿಯೊ ಪಟ್ಟಣಕ್ಕೆ ಬಸ್ಸಿದೆ, ಆದರೆ ಅಲ್ಲಿಂದಾಚೆ ಬಯಲಿಗೆ ಹೋಗಲು ಕಾರೇ ಬೇಕು. ಮೊನ್‌ಫ್ರಾಗ್ವೆ ಎಂಬ ಹೆಸರಿನ ರೈಲು ನಿಲ್ದಾಣ ನೋಡಿ ಮೋಸಹೋಗಬೇಡಿ; ಅದು ಉದ್ಯಾನದೊಳಗಿಲ್ಲ, ಅಲ್ಲಿಂದ ರಣಹದ್ದುಗಳ ಬಂಡೆಗಳವರೆಗೆ ನಡೆದು ಹೋಗುವ ದೂರವೂ ಅಲ್ಲ. ಮ್ಯಾಡ್ರಿಡ್ ವಿಮಾನ ನಿಲ್ದಾಣದಲ್ಲೇ ಕಾರು ಹಿಡಿದು ಎ-5 ಹೆದ್ದಾರಿಯಲ್ಲಿ ಸುಮಾರು 250 ಕಿ.ಮೀ. ಬಂದರೆ ತ್ರುಹಿಯೊ, ಎರಡೂವರೆ ಗಂಟೆಯ ದಾರಿ. ರಸ್ತೆಯ ಬಲಬದಿಯಲ್ಲಿ ಓಡಿಸಬೇಕು. ರಾತ್ರಿ ವಿಮಾನದಲ್ಲಿ ಬಂದವರು ಅಂದೇ ಓಡಿಸುವುದಕ್ಕಿಂತ ಒಂದು ನಿದ್ದೆ ಮುಗಿಸಿ ಹೊರಡುವುದು ಲೇಸು. ನಕ್ಷೆಯಲ್ಲಿ ಊರು ಹುಡುಕುವಾಗ ಒಂದು ಕಿವಿಮಾತು: ಸ್ಪ್ಯಾನಿಷ್‌ನಲ್ಲಿ 'ಹ' ಎಂದು ಕೇಳುವುದನ್ನು ಸಾಮಾನ್ಯವಾಗಿ 'ಜೆ' ಅಕ್ಷರದಲ್ಲಿ ಬರೆಯುತ್ತಾರೆ, 'ಯ' ಎಂದು ಕೇಳುವುದು ಹಲವೆಡೆ ಜೋಡಿ 'ಎಲ್'.

ತ್ರುಹಿಯೊದಲ್ಲೇ ಐದೂ ದಿನ ತಂಗಿ. ದಿನಕ್ಕೊಂದು ಊರು ಬದಲಿಸಿದರೆ ಅರ್ಧ ದಿನದ ಬೆಳಕು ಪೆಟ್ಟಿಗೆ ಕಟ್ಟುವುದರಲ್ಲೇ ಹೋಗುತ್ತದೆ. ಬಯಲು 15 ನಿಮಿಷ, ಮೊನ್‌ಫ್ರಾಗ್ವೆ ಒಂದು ಗಂಟೆಯೊಳಗೆ, ಕ್ರೌಂಚಗಳ ಗದ್ದೆಗಳು ಇನ್ನೊಂದು ದಿಕ್ಕಿಗೆ ಸುಮಾರು ಒಂದು ಗಂಟೆ. ಬರುವ ದಾರಿಯಲ್ಲೇ ಅಲ್ಮರಾಸ್ ಹತ್ತಿರ ಹೆದ್ದಾರಿ ಬಿಟ್ಟು ಸೌಸೆದಿಯಾ ಹಳ್ಳಿಯ ಅರೊಕಾಂಪೊ ಜಲಾಶಯಕ್ಕೆ ಎರಡು ಗಂಟೆ ಕೊಡಿ. ಅಣು ವಿದ್ಯುತ್ ಸ್ಥಾವರದ ನೀರು ತಣಿಸಲು ಕಟ್ಟಿದ ಜಲಾಶಯ ಅದು. ಜೊಂಡಿನ ಅಂಚಿನಲ್ಲಿ ನೇರಳೆ ಜಂಬುಕೋಳಿ, ಮಾರ್ಷ್ ಹ್ಯಾರಿಯರ್, ಬ್ಲೂಥ್ರೋಟ್ ಸಿಗುತ್ತವೆ.

ಈಗ ಬಯಲಿನ ಮಾತು. ತ್ರುಹಿಯೊದಿಂದ ಬೆಲೇನ್ ಹಳ್ಳಿ ದಾಟಿ ತೊರೆಸಿಯಾಸ್ ದೆ ಲಾ ತಿಯೇಸಾ ಕಡೆಗೆ ಹೋಗುವ ರಸ್ತೆ, ಮತ್ತು ಸಾಂತಾ ಮಾರ್ತಾ ದೆ ಮಗಾಸ್ಕಾ ಸುತ್ತಿನ ಹುಲ್ಲುಗಾವಲು, ಇವೆರಡು ಸಾಕು. ಇಲ್ಲಿಗೆ ಸೂರ್ಯೋದಯಕ್ಕೆ 10 ನಿಮಿಷ ಮುಂಚೆ ತಲುಪಿರಬೇಕು. ಮೊದಲು ಕಿವಿಗೆ ಬೀಳುವುದು ಕಲಾಂದ್ರಾ ನೆಲಗುಬ್ಬಿಗಳ ಗದ್ದಲ. ಬೇಲಿ ಕಂಬಗಳ ಮೇಲೆ ಐಬೀರಿಯದ ಬೂದು ಕಳಿಂಗ, ತಂತಿಯ ಮೇಲೆ ನಮಗೆ ಪರಿಚಯವಿರುವ ರಾಮದಾಸ ಹದ್ದು. ಆದರೆ ಎಲ್ಲರೂ ಬರುವುದು ಗ್ರೇಟ್ ಬಸ್ಟರ್ಡ್‌ಗಾಗಿ. ನಮ್ಮ ಸಿರುಗುಪ್ಪದ ಬಯಲಿನಲ್ಲಿ ಬೆರಳೆಣಿಕೆಗೆ ಇಳಿದಿರುವ ದೊರವಾಯನ ಹಕ್ಕಿಯ ಹತ್ತಿರದ ನೆಂಟ ಇದು. ಗಂಡು 10 ಕಿಲೋ ದಾಟಿ ತೂಗುತ್ತದೆ. ಜಗತ್ತಿನ ಗ್ರೇಟ್ ಬಸ್ಟರ್ಡ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿರುವುದು ಸ್ಪೇನಿನಲ್ಲೇ.

ಇಷ್ಟು ದೊಡ್ಡ ಹಕ್ಕಿ ಕಾಣದೇ ಹೋಗುವುದು ಹೇಗೆ ಎಂದು ಆಶ್ಚರ್ಯ ಬೇಡ. ಕೂತರೆ ಕಲ್ಲಿನಂತೆ, ನಿಂತರೆ ದೂರದ ಕುರಿಯಂತೆ ಕಾಣುತ್ತದೆ. ಹುಲ್ಲಿನ ಮೇಲೆ ಬಡಿಗೆಯಂತೆ ನೆಟ್ಟಗೆ ನಿಂತ ಬೂದು ಕತ್ತು ಹುಡುಕಿ. ಚಳಿಗಾಲದಲ್ಲಿ ಗುಂಪಾಗಿರುವುದರಿಂದ ಒಂದು ಕಂಡರೆ ಪಕ್ಕದಲ್ಲಿ ಇನ್ನೂ ಹತ್ತಿರುತ್ತವೆ. ಕಾರಿಳಿದು ಅವುಗಳ ಕಡೆ ನಾಲ್ಕು ಹೆಜ್ಜೆ ಇಟ್ಟರೆ ಅರ್ಧ ಕಿ.ಮೀ. ದೂರದಲ್ಲೇ ಎದ್ದು ಹಾರಿಬಿಡುತ್ತವೆ. ಕಾರೊಳಗೇ ಕೂತರೆ ಮೇಯುತ್ತಲೇ ಇರುತ್ತವೆ. ಚಳಿಗಾಲದಲ್ಲಿ ಇಷ್ಟು ದೊಡ್ಡ ಹಕ್ಕಿ ಸುಮ್ಮನೆ ಹಾರಿದರೆ ಅದಕ್ಕೆ ನಷ್ಟ, ವಿದ್ಯುತ್ ತಂತಿಗೆ ಬಡಿದು ಸಾಯುವ ಅಪಾಯವೂ ಉಂಟು. ಹಾಗಾಗಿ ಬಯಲಿನಲ್ಲಿ ಕಾರೇ ಮರೆ.

ಕಾರೊಳಗಿಂದ ನೋಡುವುದಕ್ಕೂ ಕ್ರಮವಿದೆ. ಎಂಜಿನ್ ಆರಿಸಿ; ಹೀಟರನ್ನಂತೂ ಕಾರು ನಿಲ್ಲಿಸುವ ಜಾಗ ಬರುವ ಐದು ನಿಮಿಷ ಮುಂಚೆಯೇ ಆರಿಸಿ. ಒಳಗಿನ ಬಿಸಿಗಾಳಿ ತೆರೆದ ಕಿಟಕಿಯಿಂದ ಹೊರಗೆ ನುಗ್ಗುವಾಗ ಟೆಲಿಸ್ಕೋಪಿನಲ್ಲಿ ಎಲ್ಲವೂ ನೀರಿನೊಳಗಿದ್ದಂತೆ ಕುಣಿಯುತ್ತದೆ. ಹಲವರು ಲೆನ್ಸ್ ಕೆಟ್ಟಿದೆ ಎಂದುಕೊಳ್ಳುವುದು ಇದಕ್ಕೇ. ಟೆಲಿಸ್ಕೋಪಿಗೆ ಆಸರೆಯಾಗಿ ಕಿಟಕಿಯ ಮೇಲಿಡಲು ಖಾಲಿ ಬಟ್ಟೆ ಚೀಲವೊಂದನ್ನು ಊರಿಂದಲೇ ಒಯ್ದು, ಅಲ್ಲಿ ಒಂದು ಕಿಲೋ ಅಕ್ಕಿ ತುಂಬಿಸಿಕೊಳ್ಳಿ. ಬೈನಾಕ್ಯುಲರ್ 8x42 ಸಾಕು, ಆದರೆ 20-60 ಜೂಮಿನ ಟೆಲಿಸ್ಕೋಪ್ ಇಲ್ಲದೆ ಈ ಬಯಲಿಗೆ ಬರುವುದು ಅರ್ಧ ನೋಡಿದಂತೆ. ಬಿಸಿಲೇರಿ ಹನ್ನೊಂದಾದರೆ ನೆಲದಿಂದ ಗಾಳಿ ನಡುಗತೊಡಗುತ್ತದೆ. ಆಮೇಲೆ ಬಯಲಿನಲ್ಲಿ ಉಳಿಯಬೇಡಿ.

ಸ್ಯಾಂಡ್‌ಗ್ರೌಸ್‌ಗಳನ್ನು ಕಣ್ಣಿಗಿಂತ ಕಿವಿಯಿಂದ ಹುಡುಕಬೇಕು, ಕೂಗುತ್ತಲೇ ಹಾರುವ ಹಕ್ಕಿಗಳವು. ಲಿಟ್ಲ್ ಬಸ್ಟರ್ಡ್ ಮಾತ್ರ ಈಚಿನ ವರ್ಷಗಳಲ್ಲಿ ತೀರಾ ಕಡಿಮೆಯಾಗಿದೆ. ಅದು ಸಿಗಲೇಬೇಕೆಂಬ ಹಟದಿಂದ ಹೊಲದೊಳಗೆ ಇಳಿಯುವುದು ಸರಿಯಲ್ಲ.

ಹನ್ನೊಂದಕ್ಕೆ ಬಯಲು ಮುಗಿದರೆ ಮೊನ್‌ಫ್ರಾಗ್ವೆ ಆರಂಭ, ಯಾಕೆಂದರೆ ರಣಹದ್ದುಗಳು ತಡವಾಗಿ ಏಳುವ ಹಕ್ಕಿಗಳು. ಎರಡೂವರೆ ಮೀಟರು ಅಗಲದ ರೆಕ್ಕೆ ಬಡಿದು ಮೇಲೇರುವುದು ಅವಕ್ಕೆ ದುಬಾರಿ. ಬಂಡೆ ಕಾದು ಬಿಸಿಗಾಳಿ ಎದ್ದ ಮೇಲೆಯೇ ತೇಲುತ್ತವೆ. 2007ರಲ್ಲಿ ರಾಷ್ಟ್ರೀಯ ಉದ್ಯಾನವಾದ ಇಲ್ಲಿ ತ್ರುಹಿಯೊ ಕಡೆಯಿಂದ ತೊರೆಹೋನ್ ಎಲ್ ರೂಬಿಯೊ ದಾಟಿ ಬಂದರೆ ಮೊದಲು ಸಿಗುವ ದೊಡ್ಡ ನೋಟ ಸಾಲ್ತೊ ದೆಲ್ ಹಿತಾನೊ. ತಾಹೊ ನದಿಯ ಆಚೆ ನೇರ ನಿಂತ ಬಂಡೆಯ ತುಂಬ ಗ್ರಿಫನ್ ರಣಹದ್ದುಗಳು. ಜನವರಿ ಕೊನೆಗೆ ಕೆಲವು ಮೊಟ್ಟೆಯ ಮೇಲೆ ಕೂತಿರುತ್ತವೆ. ರಾಮದೇವರ ಬೆಟ್ಟದಲ್ಲಿ ಒಂದೆರಡಕ್ಕಾಗಿ ಕಾದವರಿಗೆ ಇಲ್ಲಿ ಒಂದೇ ನೋಟಕ್ಕೆ ನೂರರ ಹತ್ತಿರ ಕಾಣುವುದು ಎದೆ ತುಂಬುವ ವಿಷಯ.

ಬಂಡೆಯಲ್ಲೇ ಕಣ್ಣು ನೆಟ್ಟು ಕೂತವರು ಕಪ್ಪು ರಣಹದ್ದನ್ನು ತಪ್ಪಿಸಿಕೊಳ್ಳುತ್ತಾರೆ. ಅದು ಗೂಡು ಕಟ್ಟುವುದು ಮರದ ಮೇಲೆ. ಮೇಲೆ ತೇಲುವ ಗುಂಪಿನಲ್ಲಿ ಹುಡುಕಿ: ರೆಕ್ಕೆಯನ್ನು ಸ್ವಲ್ಪ ಮೇಲಕ್ಕೆತ್ತಿ ಹಿಡಿದ, ಕಂದು ಮೈಗೆ ಕಪ್ಪು ಅಂಚಿನದು ಗ್ರಿಫನ್, ಹಲಗೆಯಂತೆ ಚಪ್ಪಟೆ ರೆಕ್ಕೆಯ, ಇಡೀ ಕಪ್ಪಗಿರುವುದು ಕಪ್ಪು ರಣಹದ್ದು. ಆಮೇಲೆ ಮೇಲಿನ ಕೋಟೆಗೆ ಹತ್ತಿ. ಅಲ್ಲಿ ರಣಹದ್ದಿನ ಬೆನ್ನು ನೋಡಬಹುದು. ನಡೆಯಲು ಬಯಸುವವರಿಗೆ ವಿಯರಿಯಾಲ್‌ನಿಂದ ಬಣ್ಣದ ಗುರುತಿನ ಮೂರು ಹಾದಿಗಳಿವೆ: ಕೆಂಪು ಕೋಟೆಗೆ, ಹಸಿರು ಸೆರ್ರೊ ಹಿಮಿಯೊ ಗುಡ್ಡಕ್ಕೆ, ಹಳದಿ ತಹಾದಿಯಾ ಕಡೆಗೆ. ಒಂದನ್ನೇ ನಡೆಯಲು ಸಮಯವಿದ್ದರೆ ಹಸಿರು ಆರಿಸಿ. ಗುರುತಿನ ಹಾದಿ ಬಿಟ್ಟು ಇಳಿಯುವಂತಿಲ್ಲ. ಸಂಜೆ ಐದರ ಹೊತ್ತಿಗೆ ಪೂರ್ವಕ್ಕಿರುವ ಪೊರ್ತಿಯಾ ದೆಲ್ ತಿಯೇತಾರ್ ತಲುಪಿ. ಹೆಗಲ ಮೇಲೆ ಬಿಳಿ ಪಟ್ಟಿಯ ಸ್ಪ್ಯಾನಿಷ್ ಇಂಪೀರಿಯಲ್ ಹದ್ದು ಕಾಣಬಹುದಾದ ಜಾಗ. ಕತ್ತಲು ಕವಿಯುವಾಗ ಬಂಡೆಯಿಂದ ಈಗಲ್ ಔಲ್ ಎಂಬ ದೊಡ್ಡ ಗೂಬೆಯ ಕೂಗು ಕೇಳುತ್ತದೆ. ಮೊಬೈಲಿನಲ್ಲಿ ಕೂಗು ಹಾಕಿ ಕರೆಯಬೇಡಿ, ಅದರ ಗೂಡಿನ ಕಾಲ ಆಗ ಶುರುವಾಗಿರುತ್ತದೆ.

ಫಲಕಗಳ ಅರ್ಥ ಗೊತ್ತಿರಬೇಕು. 'ಕೋತೊ ಪ್ರಿವಾದೊ ದೆ ಕಾಸಾ' ಎಂದರೆ ಬೇಟೆಯ ಹಕ್ಕು ಖಾಸಗಿಯದು ಎಂದಷ್ಟೇ. ಸಾರ್ವಜನಿಕ ದಾರಿಯಲ್ಲಿ ನಡೆಯಲು ಅದು ಅಡ್ಡಿಯಲ್ಲ. 'ಪ್ರೊಹಿಬಿದೊ ಎಲ್ ಪಾಸೊ' ಎಂದಿದ್ದರೆ ಒಳಗೆ ಹೋಗಬಾರದು. 'ಗನಾದೊ ಬ್ರಾವೊ' ಎಂದರೆ ಕಾಳಗದ ಗೂಳಿಗಳು ಮೇಯುತ್ತಿವೆ, ಬೇಲಿ ದಾಟುವ ಯೋಚನೆಯೂ ಬೇಡ. ತೆರೆದಿದ್ದ ಗೇಟನ್ನು ತೆರೆದೇ ಬಿಡಿ, ಮುಚ್ಚಿದ್ದನ್ನು ಮುಚ್ಚಿ. ಚಳಿಗಾಲ ಬೇಟೆಯ ಕಾಲವೂ ಹೌದು. ಶನಿವಾರ, ಭಾನುವಾರ, ರಜಾದಿನ, ಕೆಲವೊಮ್ಮೆ ಗುರುವಾರ ಕಾಡುಹಾದಿಗಳ ಬಾಯಲ್ಲಿ 'ಮೊಂತೆರಿಯಾ' (ಗುಂಪು ಬೇಟೆ) ಎಂಬ ಎಚ್ಚರಿಕೆ, ಕಿತ್ತಳೆ ಜಾಕೆಟ್ಟಿನ ಜನ ಕಂಡರೆ ಅಲ್ಲಿಂದಲೇ ಹಿಂತಿರುಗಿ. ಕುರಿಮಂದೆ ಕಾಯುವ ಮಸ್ತೀನ್ ನಾಯಿಗಳು ಎದುರಾದರೆ ಓಡಬೇಡಿ, ಮಂದೆಗೂ ನಾಯಿಗೂ ನಡುವೆ ಹೋಗದೆ ದೂರದಿಂದ ಸುತ್ತಿ ಬನ್ನಿ. ಯಾವ ತೊಂದರೆಗೂ ಕರೆ 112ಕ್ಕೆ.

ಊಟ ಸಸ್ಯಾಹಾರಿಗಳಿಗೆ ಕಷ್ಟದ್ದೇ, ದಾರಿಯೇ ಇಲ್ಲವೆಂದಲ್ಲ. ತರಕಾರಿ ಪಲ್ಯಕ್ಕೂ ಹಂದಿಮಾಂಸದ ಚೂರು ಉದುರಿಸುತ್ತಾರೆ, ಬೆಳ್ಳುಳ್ಳಿ ಸೂಪಿನಲ್ಲೂ ಅದೇ ಇರಬಹುದು. 'ಸಿನ್ ಕಾರ್ನೆ' (ಮಾಂಸವಿಲ್ಲದೆ) ಎಂದರೆ ಸಾಲದು, 'ಸಿನ್ ಹಮೋನ್, ಸಿನ್ ಚೊರೀಸೊ, ಸಿನ್ ಪೆಸ್ಕಾದೊ' (ಹಂದಿಮಾಂಸ, ಸಾಸೇಜು, ಮೀನು ಇಲ್ಲದೆ) ಎಂದು ಬಿಡಿಸಿ ಹೇಳಿ. ಹೊಟೇಲುಗಳಲ್ಲಿ ಮಧ್ಯಾಹ್ನದೂಟ ಎರಡರ ಮೇಲೆ, ರಾತ್ರಿಯೂಟ ಒಂಬತ್ತಕ್ಕೆ. ಅದನ್ನು ನೆಚ್ಚಿದರೆ ಹಗಲಿನ ಬೆಳಕು ಹೋಗುತ್ತದೆ. ಬ್ರೆಡ್ಡು, ಟೊಮೆಟೊ, ಕಿತ್ತಳೆ, ಚೀಸ್ ಕಾರಿನಲ್ಲಿಟ್ಟುಕೊಳ್ಳಿ. ಭಾನುವಾರ ಅಂಗಡಿಗಳು ಬಹುಪಾಲು ಮುಚ್ಚಿರುತ್ತವೆ, ಶನಿವಾರವೇ ಕೊಳ್ಳಿ. ಇಲ್ಲಿನ ಪ್ರಸಿದ್ಧ ಚೀಸ್ ತೋರ್ತಾ ದೆಲ್ ಕಾಸಾರ್ ಕುರಿಹಾಲಿನದು, ಹೆಪ್ಪು ಹಾಕುವುದು ಒಂದು ಬಗೆಯ ಮುಳ್ಳುಗಿಡದ ಹೂವಿನಿಂದ. ಪ್ರಾಣಿಯ ಜಠರದ ರೆನೆಟ್ ಬೇಡವೆನ್ನುವವರು ನಿಶ್ಚಿಂತೆಯಿಂದ ತಿನ್ನಬಹುದು. ಬೆಳಗಿನ ಇಬ್ಬನಿಗೆ ಬಟ್ಟೆಯ ಶೂ ಹತ್ತೇ ನಿಮಿಷದಲ್ಲಿ ನೆನೆಯುತ್ತದೆ. ನೀರಿಳಿಯದ ಶೂ, ತೆಳು ಕೈಗವಸು, ಗಾಳಿ ತಡೆಯುವ ಮೇಲಂಗಿ ಬೇಕೇ ಬೇಕು.

ಈ ಪ್ರವಾಸವನ್ನು ಕೆಡಿಸುವುದು ಮಳೆಗಿಂತ ಮಂಜು. ಗಾಳಿಯಿಲ್ಲದ ಸ್ವಚ್ಛ ರಾತ್ರಿಗಳಲ್ಲಿ ತಣ್ಣನೆಯ ಗಾಳಿ ಗ್ವಾದಿಯಾನಾ ನದಿಯ ತಗ್ಗಿನಲ್ಲಿ ತಂಗಿ, ನೀರಾವರಿ ಗದ್ದೆಗಳ ತೇವ ಹೀರಿ, ಕೆಲವೊಮ್ಮೆ ದಿನವಿಡೀ ಕದಲುವುದಿಲ್ಲ. ಕ್ರೌಂಚಗಳು ಇರುವುದು ಆ ತಗ್ಗಿನಲ್ಲೇ. ಆದ್ದರಿಂದ ಕ್ರೌಂಚಗಳಿಗೆ ಒಂದೇ ದಿನ ಗೊತ್ತುಮಾಡಬೇಡಿ. ಐದರಲ್ಲಿ ಒಂದು ದಿನ ಖಾಲಿ ಬಿಟ್ಟುಕೊಂಡು, ಹಿಂದಿನ ರಾತ್ರಿ ಹವಾಮಾನ ನೋಡಿ ನಿರ್ಧರಿಸಿ. ತಗ್ಗಿನಲ್ಲಿ ಮಂಜು ಕವಿದಾಗಲೂ ಎತ್ತರದ ಮೊನ್‌ಫ್ರಾಗ್ವೆ ಕೋಟೆಯ ಮೇಲೆ ಬಿಸಿಲಿರಬಹುದು. ಅಂಥ ದಿನ ಅತ್ತ ಹೋಗಿ.

ಮಂಜಿಲ್ಲದ ದಿನ ಸಿಕ್ಕರೆ ಸೊರೀತಾ, ಮದ್ರಿಗಲೇಹೊ ಮಾರ್ಗವಾಗಿ ನವಾಲ್ವಿಯಾರ್ ದೆ ಪೆಲಾ ಕಡೆಗೆ ಇಳಿಯಿರಿ. ದಾರಿಯ ಸಿಯೆರಾ ಬ್ರಾವಾ ಜಲಾಶಯದಲ್ಲಿ ಸಾವಿರಾರು ಸೂಜಿಬಾಲದ ಬಾತುಗಳು. ಹಗಲು ನೀರಿನ ಮೇಲೆ ಮಲಗಿ ರಾತ್ರಿ ಗದ್ದೆಗೆ ಹೋಗುವವು. ಕೊಯ್ದ ಭತ್ತದ ಗದ್ದೆಗಳ ಜೊಂಡಿನಂಚನ್ನು ನಿಧಾನವಾಗಿ ನೋಡಿ. ನಮ್ಮ ಕೆಂಪು ರಾಟವಾಳಗಳು ಇಲ್ಲಿವೆ. ಪಂಜರದಿಂದ ತಪ್ಪಿಸಿಕೊಂಡವುಗಳ ಸಂತತಿ. ಈ ಹಕ್ಕಿಯ ವೈಜ್ಞಾನಿಕ ಹೆಸರು 'ಅಮಂಡಾವ' ಬಂದಿರುವುದೇ ಅವನ್ನು ಸಾಗಿಸುತ್ತಿದ್ದ ಅಹಮದಾಬಾದಿನ ಹೆಸರಿನಿಂದ. ಚಳಿಗಾಲದಲ್ಲಿ ಗಂಡಿನ ಮೈಕೆಂಪು ಮಾಸಿ ಕಂದಾಗಿರುತ್ತದೆ. ಕೆಂಪು ಕೊಕ್ಕು, ಬಾಲದ ಬುಡದ ಕೆಂಪು ನೋಡಿ ಗುರುತಿಸಿ.

ಕ್ರೌಂಚಗಳು ಹಗಲು ಮೆಕ್ಕೆಜೋಳ, ಭತ್ತದ ಕೂಳೆಯಲ್ಲಿ ಉದುರಿದ ಕಾಳು, 'ದೆಹೇಸಾ' ಎಂಬ ಓಕ್ ತೋಪುಗಳಲ್ಲಿ ಬಿದ್ದ ಕಾಯಿ ಆರಿಸುತ್ತಿರುತ್ತವೆ. ಮೊಹೇದಾ ಆಲ್ತಾದಲ್ಲಿ ಅವುಗಳಿಗೆಂದೇ ಮಾಹಿತಿ ಕೇಂದ್ರವಿದೆ. ಗುಂಪನ್ನು ಗುಂಪೆಂದು ನೋಡಬೇಡಿ, ಸಂಸಾರಗಳಾಗಿ ಬಿಡಿಸಿ ನೋಡಿ: ಎರಡು ದೊಡ್ಡವು, ನಡುವೆ ಕಂದು ತಲೆಯ ಒಂದೋ ಎರಡೋ ಮರಿ. ಕಾಲಿನಲ್ಲಿ ಸಂಶೋಧಕರು ಗುರುತಿಗೆಂದು ತೊಡಿಸಿದ ಬಣ್ಣದ ಬಳೆಗಳಿದ್ದರೆ ಮೇಲಿನಿಂದ ಕೆಳಕ್ಕೆ, ಎಡಗಾಲು ಬಲಗಾಲು ಬೇರೆಬೇರೆಯಾಗಿ ಬರೆದುಕೊಳ್ಳಿ.

ಸೂರ್ಯ ಮುಳುಗುವುದಕ್ಕೆ ಒಂದು ಗಂಟೆ ಮುಂಚೆ ಅವು ಇರುಳು ತಂಗುವ ನೀರಿನ ಹತ್ತಿರ, ದಡದಿಂದ ಸಾಕಷ್ಟು ದೂರದಲ್ಲಿ, ಸಾರ್ವಜನಿಕ ದಾರಿಯ ಬದಿಗೆ ನಿಂತುಬಿಡಿ. ಬೆನ್ನು ಪಡುವಣಕ್ಕಿರಲಿ, ಬರುವ ಸಾಲುಗಳ ಮೇಲೆ ಬೆಳಕು ಬೀಳುತ್ತದೆ. ಹಕ್ಕಿ ಕಾಣುವುದಕ್ಕೆ ಮೊದಲೇ ಕಹಳೆಯಂಥ ಕೂಗು ಕೇಳುತ್ತದೆ. ಮುಳುಗಿದ ಮೇಲೂ ಅರ್ಧ ಗಂಟೆ ಬರುತ್ತಲೇ ಇರುತ್ತವೆ. ಮೊದಲ ಗುಂಪು ಇಳಿಯುವಾಗ ಹೆದರಿದರೆ ಹಿಂದಿನವೂ ಇಳಿಯದೆ ಕತ್ತಲಲ್ಲಿ ಬೇರೆ ನೀರು ಹುಡುಕಿ ಹೋಗಬೇಕಾಗುತ್ತದೆ. ಕಾರನ್ನು ಬರುವಾಗಲೇ ಊರ ಕಡೆ ಮುಖ ಮಾಡಿ ನಿಲ್ಲಿಸಿಕೊಳ್ಳಿ. ಹೊರಡುವಾಗ ಹೆಡ್‌ಲೈಟು ನೀರಿನ ಮೇಲೆ ಬೀಳಬಾರದು.