ಮುಳ್ಳು ಕೆಳಗಿಳಿದರೆ ಖುಷಿ ಪಡಬೇಡಿ

ನಮ್ಮದು ಮಾವ ಕೊಟ್ಟ ಹಳೇ ಮಾರುತಿ 800. ಮೂರು ಸಿಲಿಂಡರ್, 796 ಸಿಸಿ. ಕೋಲಾರದ ಕಡೆ ಅವರ ಕೈಯಲ್ಲಿ ವರ್ಷಗಟ್ಟಲೆ ಓಡಿ, ಆಮೇಲೆ ಬೆಂಗಳೂರಿಗೆ ಬಂದದ್ದು. ಸಿಟಿಯಲ್ಲಿ ಅದರಷ್ಟು ಸಾಧು ಗಾಡಿ ಇನ್ನೊಂದಿಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಎಷ್ಟು ಹೊತ್ತು ನಿಂತರೂ ಟೆಂಪರೇಚರ್ ಮುಳ್ಳು ಅಲುಗಾಡುವುದಿಲ್ಲ. ಆದರೆ ಉದ್ದದ ಏರು ಸಿಕ್ಕರೆ ಸಾಕು, ಹೀಟ್ ಆಗಲು ಶುರು.

ಬೆಂಗಳೂರಿನ ಗ್ಯಾರೇಜೊಂದರಲ್ಲಿ ಮೊದಲು ಫ್ಯಾನ್ ಸ್ವಿಚ್ ಬದಲಾಯಿಸಿದರು. ಸರಿಹೋಗಲಿಲ್ಲ. ಆಮೇಲೆ ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತು ಕೈಗೆ ಕೊಟ್ಟರು. "ನಮ್ ಹವೆಗೆ ಇದೆಲ್ಲ ಬೇಡ ಸಾರ್, ಇದು ಫಾರಿನ್ ಚಳಿಗೆ ಇಟ್ಟಿರೋದು" ಅಂದರು. ಈ ಮಾತನ್ನು ನಮ್ಮಲ್ಲಿ ಎಷ್ಟು ಜನ ಮೆಕ್ಯಾನಿಕ್‌ಗಳು ಹೇಳುತ್ತಾರೋ ಲೆಕ್ಕವಿಲ್ಲ. ನನಗಂತೂ ಇದು ಒಪ್ಪಿಗೆಯಿಲ್ಲ. ಆ ವಾಲ್ವ್ ಸುಮಾರು 82 ಡಿಗ್ರಿಗೆ ತೆರೆದುಕೊಳ್ಳುತ್ತದೆ. ಅಲ್ಲಿಯವರೆಗೆ ನೀರನ್ನು ತಣ್ಣಗಾಗಿಸುವ ರೇಡಿಯೇಟರಿಗೆ ಬಿಡದೆ ಎಂಜಿನ್ ಬೇಗ ಬಿಸಿಯಾಗುವಂತೆ ಮಾಡುತ್ತದೆ. ಕಿತ್ತು ಹಾಕಿದರೆ ಎಂಜಿನ್ ಬಿಸಿಯಾಗಲು ತಡವಾಗುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ವಾಲ್ವ್ ಕೆಟ್ಟಿದ್ದರೆ ಹೊಸದು ಹಾಕಿ, ಅಷ್ಟೇ. ಕೆಟ್ಟಿದೆಯೋ ಇಲ್ಲವೋ ಅಂತ ನೋಡುವುದೂ ಸುಲಭ. ಪಾತ್ರೆಯಲ್ಲಿ ನೀರು ಕಾಯಿಸಿ ಅದರೊಳಗೆ ದಾರ ಕಟ್ಟಿ ಇಳಿಬಿಟ್ಟರೆ, ಬಾಯಿ ಬಿಡುವುದು ಕಣ್ಣಿಗೇ ಕಾಣುತ್ತದೆ.

ಮಳೆ ಮುಗಿದ ಮೇಲೆ ಧರ್ಮಸ್ಥಳಕ್ಕೆ ಹೋಗಿದ್ದೆವು. ವಾಪಸ್ ಬರುವಾಗ ಉಜಿರೆಯಿಂದ ಚಾರ್ಮಾಡಿ ಘಾಟಿ ಹತ್ತಿದೆವು. ಎರಡನೇ ಗೇರು, ಮುಂದೊಂದು ಲಾರಿ, ಗಾಡಿ ತುಂಬ ಜನ. ಕೆಲವೇ ತಿರುವು ಕಳೆಯುವಷ್ಟರಲ್ಲಿ ಮುಳ್ಳು ಮುಕ್ಕಾಲು ದಾಟಿತು. ಎಸಿ ಆಫ್ ಮಾಡಿ ಹೀಟರ್ ಹಾಕಿದೆ. ಹಿಂದಿನಿಂದ ಅತ್ತೆ "ಇದೇನಪ್ಪಾ, ನಮ್ಮನ್ನ ಬೇಯಿಸ್ತೀಯಾ?" ಅಂದರು. ಹೀಟರಿನೊಳಗೂ ಎಂಜಿನ್ನಿನ ಬಿಸಿ ನೀರೇ ಓಡಾಡುವುದು. ಅದನ್ನು ಹಾಕಿದರೆ ಎಂಜಿನ್ನಿನ ಕಾವು ಒಂದಿಷ್ಟು ಒಳಕ್ಕೆ ಬರುತ್ತದೆ. ಕಿಟಕಿ ಇಳಿಸಿ ಎಲ್ಲರೂ ಸಹಿಸಿಕೊಂಡರು.

ಸ್ವಲ್ಪ ದೂರ ಹೋದ ಮೇಲೆ ಮುಳ್ಳು ಸರ್ರನೆ ಕೆಳಗಿಳಿಯಿತು. "ಅಬ್ಬಾ, ತಣ್ಣಗಾಯ್ತು" ಅಂದಳು ನನ್ನ ಹೆಂಡತಿ. ಆದರೆ ಅದೇ ಹೊತ್ತಿಗೆ ಹೀಟರಿನ ಗಾಳಿಯೂ ತಣ್ಣಗಾಗಿತ್ತು. ಎಂಜಿನ್ ಕುದಿಯುತ್ತಿರುವಾಗ ಹೀಟರ್ ತಣ್ಣಗಿನ ಗಾಳಿ ಬಿಟ್ಟರೆ ಅಲ್ಲಿ ನೀರಿಲ್ಲ ಅಂತಲೇ ಅರ್ಥ. ಮುಳ್ಳಿಗೆ ಸುದ್ದಿ ಕೊಡುವ ಸೆನ್ಸರ್ ನೀರಿನಲ್ಲಿ ಮುಳುಗಿರಬೇಕು. ನೀರು ಖಾಲಿಯಾಗಿ ಅದು ಬರೀ ಗಾಳಿಯಲ್ಲಿ ಉಳಿದರೆ ತಪ್ಪು ಲೆಕ್ಕ ಕೊಡುತ್ತದೆ. ಎಂಜಿನ್ನಿನ ಮೇಲ್ಭಾಗದ ಹೆಡ್ ಬೆಂಡ್ ಆಗುವುದು, ಅದರಡಿಯ ಸೀಲಾದ ಗ್ಯಾಸ್ಕೆಟ್ ಹೋಗುವುದು ಇಂಥ ಹೊತ್ತಿನಲ್ಲೇ. ಜಾಗ ಸಿಕ್ಕಿದ ಕಡೆ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿದೆ.

ಬಾನೆಟ್ ಎತ್ತಿದ ಗಾಡಿ ಕಂಡರೆ ನಮ್ಮ ಜನಕ್ಕೆ ಸುಮ್ನೆ ಹೋಗಲು ಮನಸ್ಸು ಬರುವುದಿಲ್ಲ, ಅದು ಒಳ್ಳೆಯದೇ. ಒಬ್ಬರು ವಾಟರ್ ಬಾಡಿ (ನೀರು ತಳ್ಳುವ ಪಂಪು) ಹೋಗಿದೆ ಅಂದರು, ಇನ್ನೊಬ್ಬರು ಗ್ಯಾಸ್ಕೆಟ್ ಅಂದರು. ಟೆಂಪೋದ ಹುಡುಗ ನೇರ ರೇಡಿಯೇಟರ್ ಮುಚ್ಚಳಕ್ಕೇ ಕೈ ಹಾಕಲು ಹೋದ. ಕೈ ಹಿಡಿದು ನಿಲ್ಲಿಸಬೇಕಾಯಿತು. ಆ ಮುಚ್ಚಳ ಕುಕ್ಕರಿನ ವೆಯ್ಟ್ ಇದ್ದ ಹಾಗೆ. ಸುಮಾರು 0.9 ಬಾರ್ ಒತ್ತಡ ಹಿಡಿದಿಡುತ್ತದೆ. ಅದರಿಂದಾಗಿ ಒಳಗಿನ ನೀರು 100ಕ್ಕೆ ಕುದಿಯದೆ 118 ಡಿಗ್ರಿಯವರೆಗೆ ತಡೆದುಕೊಳ್ಳುತ್ತದೆ. ಬಿಸಿಯಿದ್ದಾಗ ತೆಗೆದರೆ ಅಷ್ಟೂ ನೀರು ಒಂದೇ ಸಲ ಕುದಿದು ಮುಖಕ್ಕೆ ಹಾರುತ್ತದೆ.

ಹೋಸ್ ಪೈಪು ಕೈಯಲ್ಲಿ ಹಿಡಿಯುವಷ್ಟು ತಣ್ಣಗಾಗುವವರೆಗೂ ಕಾದೆವು. ಆಮೇಲೆ ಬಟ್ಟೆ ಹಾಕಿ ಮುಚ್ಚಳ ತೆಗೆದು, ಎಂಜಿನ್ ಸ್ಟಾರ್ಟ್ ಮಾಡಿಟ್ಟು, ಝರಿಯಿಂದ ಹಿಡಿದು ತಂದ ನೀರನ್ನು ನಿಧಾನವಾಗಿ ಸುರಿದೆ. ಕಾದ ಎಂಜಿನ್ನಿಗೆ ತಣ್ಣೀರು ಒಮ್ಮೆಲೇ ಹೊಯ್ದರೆ ಹೆಡ್ ಸೀಳಬಹುದು. ಹಾಗೇ ನಿಂತು ನಿಂತು ಕೊಟ್ಟಿಗೆಹಾರ ತಲುಪಿದೆವು.

ಉಳಿದವರು ನೀರುದೋಸೆಗೆ ಹೋದರು. ನಾನು ಅಲ್ಲೇ ಒಬ್ಬ ವಯಸ್ಸಾದ ಮೆಕ್ಯಾನಿಕ್ ಹತ್ತಿರ ಗಾಡಿ ನಿಲ್ಲಿಸಿದೆ. ಅವರು ಸ್ಪ್ಯಾನರ್ ಮುಟ್ಟಲಿಲ್ಲ. ಮೊದಲು ಕೇಳಿದ್ದೇ, "ಟ್ರಾಫಿಕ್ಕಲ್ಲಿ ನಿಂತಾಗ ಹೀಟ್ ಆಗ್ತದಾ, ಇಲ್ಲ ಓಡುವಾಗಲಾ?" ಬೆಂಗಳೂರಿನಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ನಿಂತಾಗ ಬಿಸಿಯಾಗಿ ಓಡುವಾಗ ಇಳಿದರೆ ಫ್ಯಾನ್ ಮೇಲೆ ಅನುಮಾನ. ನಮ್ಮದು ಉಲ್ಟಾ. ಗಾಳಿ ಸಾಲುತ್ತಿತ್ತು, ನೀರು ಸಾಲುತ್ತಿರಲಿಲ್ಲ. ಅಂದಮೇಲೆ ಫ್ಯಾನ್ ಸ್ವಿಚ್ಚಿಗೆ ಕೊಟ್ಟ ದುಡ್ಡು ದಂಡ.

ಆಯಿಲ್ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್ ಎಳೆದು ಬೆರಳಿಗೆ ಒರೆಸಿಕೊಂಡರು. ನೀರು ಸೇರಿ ಆಯಿಲ್ ಹಾಲುಹಾಲಾಗಿರಲಿಲ್ಲ. ರೇಡಿಯೇಟರ್ ಬಾಯಲ್ಲಿ ಒಂದೇ ಸಮನೆ ಗುಳ್ಳೆ ಏಳುತ್ತಿರಲಿಲ್ಲ. "ಗ್ಯಾಸ್ಕೆಟ್ ಉಳಿದಿದೆ, ಪುಣ್ಯ" ಅಂದರು. ಎಂಜಿನ್ ಆಫ್ ಮಾಡಿಸಿ ಬೆಲ್ಟನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿದರು, ಬಿಗಿ ಸರಿಯಿತ್ತು. ಆಮೇಲೆ ಅಂಗೈಯನ್ನು ರೇಡಿಯೇಟರಿನ ಮೇಲೆ ಮೇಲಿನಿಂದ ಕೆಳಕ್ಕೆ ಸವರುತ್ತಾ ಬಂದರು. ನನ್ನ ಕೈಯನ್ನೂ ಇಡಿಸಿದರು. ಮೇಲ್ಗಡೆ ಮುಟ್ಟಲಾಗದಷ್ಟು ಸುಡುತ್ತಿತ್ತು. ನಡುವೆ ಎರಡು ಅಂಗೈಯಷ್ಟು ಜಾಗ ಮಾತ್ರ ಬರೀ ಬೆಚ್ಚಗಿತ್ತು. "ಇಲ್ಲಿ ನೀರೇ ಓಡ್ತಾ ಇಲ್ಲ ಮಾರಾಯ್ರೇ. ಜಾಮ್." ಮುಚ್ಚಳದ ರಬ್ಬರೂ ಒಣಗಿ ಬಿರುಕು ಬಿಟ್ಟಿತ್ತು. ಅದು ಒತ್ತಡ ಹಿಡಿಯದಿದ್ದರೆ ನೀರು ಬೇಗ ಕುದಿಯುತ್ತದೆ, ಅದರಲ್ಲೂ ಘಾಟಿಯ ಮೇಲೆ ಇನ್ನೂ ಬೇಗ. ಸಾವಿರ ಮೀಟರ್ ಎತ್ತರದಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದಲ್ವಾ. ಹೊಸ ಮುಚ್ಚಳ ಹಾಕಿ, ಏರಿನಲ್ಲಿ ಅವಸರ ಮಾಡಬೇಡಿ ಅಂತ ಹೇಳಿ ಕಳಿಸಿದರು. ತೆಗೆದುಕೊಂಡದ್ದು ಮುಚ್ಚಳದ ದುಡ್ಡು ಮಾತ್ರ.

ಬೆಂಗಳೂರಿಗೆ ಬಂದು ಕಲಾಸಿಪಾಳ್ಯದಲ್ಲಿ ರೇಡಿಯೇಟರ್ ಬಿಚ್ಚಿಸಿದೆ. ತಾಮ್ರ-ಹಿತ್ತಾಳೆಯದಾದ್ದರಿಂದ ಬೆಸುಗೆ ಬಿಡಿಸಿ ಮೇಲಿನ ಟ್ಯಾಂಕ್ ತೆಗೆಯಬಹುದಿತ್ತು. ಈಗಿನ ಅಲ್ಯೂಮಿನಿಯಂ, ಪ್ಲಾಸ್ಟಿಕ್ ಟ್ಯಾಂಕಿನವಕ್ಕೆ ಈ ಭಾಗ್ಯ ಕಡಿಮೆ, ಹೊಸದೇ ಹಾಕಿಸಬೇಕು. ನಡುವಿನ ಕೊಳವೆಗಳ ಬಾಯಿಗೆ ಬೆಳ್ಳಗೆ ಗಟ್ಟಿ ಸುಣ್ಣ ಕಟ್ಟಿತ್ತು. ಗೀಸರ್ ಕಾಯಿಲ್ ಮೇಲೆ ಕೂರುತ್ತದಲ್ಲ, ಅದೇ. ತೆಳ್ಳನೆಯ ಕಬ್ಬಿಣದ ಪಟ್ಟಿಗಳನ್ನು ಒಂದೊಂದೇ ಕೊಳವೆಯೊಳಗೆ ತೂರಿಸಿ ಎಳೆದಾಗ ಅದು ಪುಡಿಪುಡಿಯಾಗಿ ಉದುರಿತು. ಅದನ್ನು ಪೊಟ್ಟಣ ಕಟ್ಟಿಸಿಕೊಂಡು ಮಾವನಿಗೆ ತೋರಿಸಿದೆ. ಅವರು ದಿನಾ ಬೆಳಿಗ್ಗೆ ತಪ್ಪದೆ ನೀರು ನೋಡಿ ತುಂಬುತ್ತಿದ್ದವರು. ತುಂಬುತ್ತಿದ್ದದ್ದು ಬೋರ್‌ವೆಲ್ ನೀರು. ಪೊಟ್ಟಣ ಬಿಚ್ಚಿ ಬೆರಳಲ್ಲಿ ಉಜ್ಜಿ ನೋಡಿ, "ಹೌದೇನಪ್ಪಾ? ನಾವೂ ಇದೇ ನೀರೇ ಕುಡಿದಿದ್ದು" ಅಂದರು.

ವಾಲ್ವ್ ಮತ್ತೆ ಹಾಕಿಸಿದೆ. ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ಮೊನ್ನೆ ನಂದಿಬೆಟ್ಟ ಹತ್ತಿದಾಗ ಮುಳ್ಳು ಅರ್ಧ ದಾಟಲಿಲ್ಲ. ಈಗ ವಾಟರ್ ಬಾಡಿಯ ಕೆಳಗೆ ಕೂಲಂಟಿನ ಹಸಿರು ಕಲೆಯೊಂದು ಕಾಣಿಸಿಕೊಂಡಿದೆ. ಸೀಲ್ ಹೋಗಿರಬೇಕು. ಊರಿಗೆ ಹೊರಡುವ ಮೊದಲು ಅದನ್ನೂ ಬಿಚ್ಚಿಸಬೇಕು.