ಜೋಸೆಫನಿಗೆ ಬಿದ್ದ ಕನಸು

2004ರ ಡಿಸೆಂಬರ್ 26 ಭಾನುವಾರವಾಗಿತ್ತು. ಕ್ರಿಸ್ಮಸ್‌ನ ಮರುದಿನವಾದ ಅಂದು ಕಥೋಲಿಕ ಧರ್ಮಸಭೆಗೆ ಯೇಸು, ಮರಿಯಾ, ಜೋಸೆಫರ ಪವಿತ್ರ ಕುಟುಂಬದ ಹಬ್ಬ. ಅರಸ ಹೆರೋದನು ಮಗು ಯೇಸುವನ್ನು ಕೊಲ್ಲಲು ಹುಡುಕಲಿದ್ದಾನೆಂದು ದೇವದೂತನು ಕನಸಿನಲ್ಲಿ ಎಚ್ಚರಿಸಿದಾಗ, ಜೋಸೆಫನು ರಾತ್ರೋರಾತ್ರಿ ತಾಯಿಯನ್ನೂ ಮಗುವನ್ನೂ ಕರೆದುಕೊಂಡು ಈಜಿಪ್ಟಿಗೆ ಹೊರಟ ಪ್ರಸಂಗವೇ ಆ ವರ್ಷದ ಪಾಠಕ್ರಮದಂತೆ ಅಂದಿನ ಬಲಿಪೂಜೆಯ ಶುಭಸಂದೇಶ. ಅದೇ ಬೆಳಿಗ್ಗೆ ಸುಮಾತ್ರಾದ ಬಳಿ ಕಡಲ ತಳ ನಡುಗಿ ಎದ್ದ ಸುನಾಮಿ ಅಲೆಗಳು ತಮಿಳುನಾಡಿನ ವೇಳಾಂಕಣಿಯನ್ನು ಅಪ್ಪಳಿಸಿದವು. ಆರೋಗ್ಯ ಮಾತೆಯ ಬೆಸಿಲಿಕಾದ ಒಳಗಿದ್ದವರು ಉಳಿದರು. ದಂಡೆಯಲ್ಲಿದ್ದ ಯಾತ್ರಿಕರು, ಅಂಗಡಿಯವರು ನೂರಾರು ಮಂದಿ ಕೊಚ್ಚಿಹೋದರು.

ಕರ್ನಾಟಕದಿಂದಲೂ ವರ್ಷವರ್ಷ ಹರಕೆ ಹೊತ್ತು ಅಲ್ಲಿಗೆ ಹೋಗುವ ನಮ್ಮ ಬಾಯಲ್ಲಿ, ದೇವಾಲಯದೊಳಗಿದ್ದವರನ್ನು ತಾಯಿ ಕಾಪಾಡಿದಳೆಂಬ ಮಾತು ಸಲೀಸಾಗಿ ಬರುತ್ತದೆ. ಬದುಕುಳಿದವರ ಕೃತಜ್ಞತೆಯಾಗಿ ಆ ಮಾತಿಗೆ ನಾನು ತಲೆಬಾಗುತ್ತೇನೆ. ಅದನ್ನೇ ಸತ್ತವರ ಕಡೆಗೆ ತಿರುಗಿಸಿದರೆ ತೀರ್ಪಾಗಿಬಿಡುತ್ತದೆ. ಸಿಲೋವಾಮಿನ ಗೋಪುರ ಬಿದ್ದು ಸತ್ತ 18 ಮಂದಿ ಜೆರುಸಲೇಮಿನ ಉಳಿದೆಲ್ಲರಿಗಿಂತ ಹೆಚ್ಚಿನ ಅಪರಾಧಿಗಳೇ ಎಂದು ಕೇಳಿ, ಅಲ್ಲವೆಂದು ತಾವೇ ಉತ್ತರಿಸಿದ ಯೇಸುಸ್ವಾಮಿಯ ಮುಂದೆ ಅಂಥ ತೀರ್ಪು ನಿಲ್ಲದು. ಪಶ್ಚಾತ್ತಾಪದ ಕರೆಯನ್ನು ಅವರು ಕೊಟ್ಟದ್ದು ಬದುಕಿದ್ದು ಕೇಳುತ್ತಿದ್ದವರಿಗೆ.

ನನ್ನನ್ನು ಹೆಚ್ಚು ಕಾಡುವುದು ಆ ಭಾನುವಾರದ ಪಾಠ ಬಿಟ್ಟುಬಿಡುವ ಮೂರು ವಚನಗಳು. ಮತ್ತಾಯನ ಶುಭಸಂದೇಶದ ಎರಡನೆಯ ಅಧ್ಯಾಯದ 13ರಿಂದ 15ರವರೆಗೆ ಓದಿ, ಪಾಠ ನೇರವಾಗಿ 19ಕ್ಕೆ ಹೋಗುತ್ತದೆ. ನಡುವೆ ಇರುವುದು ಹೆರೋದ ಮಾಡಿಸಿದ ಬೆತ್ಲೆಹೇಮಿನ ಕೂಸುಗಳ ಕೊಲೆ. ಆ ಕೂಸುಗಳ ತಂದೆಯರಿಗೆ ಕನಸು ಬಿದ್ದದ್ದನ್ನು ಮತ್ತಾಯ ಹೇಳುವುದಿಲ್ಲ. ಅದಕ್ಕೊಂದು ಕಾರಣವನ್ನೂ ಕೊಡುವುದಿಲ್ಲ, ದೇವರ ಪರವಾಗಿ ವಕಾಲತ್ತು ವಹಿಸುವುದೂ ಇಲ್ಲ. ಮಕ್ಕಳನ್ನು ಕಳೆದುಕೊಂಡು ಸಾಂತ್ವನವನ್ನೇ ಒಲ್ಲೆನೆಂದ, ಇಸ್ರಯೇಲರ ಮೂಲತಾಯಿ ರಾಖೇಲಳ ಗೋಳನ್ನು ಪ್ರವಾದಿ ಯೆರೆಮೀಯನಿಂದ ತಂದಿಟ್ಟು ಸುಮ್ಮನಾಗುತ್ತಾನೆ. ಆ ವಚನಗಳ ಸರದಿ ಬರುವುದು ಡಿಸೆಂಬರ್ 28ರಂದು, ಆ ಕಂದಮ್ಮಗಳ ಹಬ್ಬದ ದಿನ. ಆ ವರ್ಷ ಅದೇ ಹೊತ್ತಿಗೆ ನಾಗಪಟ್ಟಣಂ ತೀರದಲ್ಲಿ ಶವಗಳನ್ನು ಸಾಮೂಹಿಕವಾಗಿ ಹೂಳುತ್ತಿದ್ದರು.

ಭೂಮಿ ನಡುಗಿದ್ದಕ್ಕೂ ಅಲೆ ತಮಿಳುನಾಡನ್ನು ಮುಟ್ಟಿದ್ದಕ್ಕೂ ನಡುವೆ ಎರಡು ಗಂಟೆಗೂ ಹೆಚ್ಚು ಕಾಲವಿತ್ತು. ಪೆಸಿಫಿಕ್ ಸಾಗರಕ್ಕೆ ದಶಕಗಳಿಂದಲೇ ಇದ್ದ ಸುನಾಮಿ ಮುನ್ನೆಚ್ಚರಿಕೆಯ ವ್ಯವಸ್ಥೆ ಹಿಂದೂ ಮಹಾಸಾಗರಕ್ಕೆ ಇರಲಿಲ್ಲ. ಹೈದರಾಬಾದಿನಲ್ಲಿ ನಮ್ಮ ದೇಶದ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಆರಂಭವಾದದ್ದು 2007ರಲ್ಲಿ. ಕಡಲು ನಡುಗಿದ್ದು ಯಾರ ಪಾಪವೂ ಅಲ್ಲ, ಆದರೆ ಆ ಎರಡು ಗಂಟೆಗಳ ಲೆಕ್ಕವನ್ನು ಮನುಷ್ಯರೇ ಒಪ್ಪಿಸಬೇಕು. ಪರಿಹಾರ ಶಿಬಿರಗಳಲ್ಲಿ ದಲಿತರನ್ನು ದೂರವಿಟ್ಟ, ಕುಡಿಯುವ ನೀರಿಗೂ ಅಡ್ಡಿಮಾಡಿದ ವರದಿಗಳು ಬಂದದ್ದೂ ಅದೇ ನಾಗಪಟ್ಟಣಂ ಕಡೆಯಿಂದ. ಅದನ್ನು ಮಾಡಿದ್ದು ಅಲೆಯಲ್ಲ.

ಹಬ್ಬದ ದಿನ ನಾನು ಆ ಮೂರು ವಚನಗಳನ್ನೂ ಸೇರಿಸಿಯೇ ಓದಿಕೊಳ್ಳುತ್ತೇನೆ. ತೀರಿಹೋದವರಿಗಾಗಿ ದೇವರ ಕರುಣೆಯನ್ನು ಬೇಡುತ್ತೇನೆ. ಬದುಕಿರುವ ನಮಗಾಗಿ ಬೇಡುವುದು ಬೇರೆ: ಎಚ್ಚರಿಕೆಯ ಮಾತು ದಂಡೆಯ ಕಡೆಯ ಗುಡಿಸಲಿಗೆ ಮುಟ್ಟದೆ ಹೋದ ದಿನ, ಅದನ್ನು ದೇವರ ಚಿತ್ತವೆಂದು ನಮ್ಮ ನಾಲಿಗೆ ನುಡಿಯದಿರಲಿ.